ಎಕೋ ಪೆಟ್ಟಿಗೆಯೊಳಗಿನ ಅಕ್ಕ

ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಜಂಬಯ್ಯನ ಅಂಗಡಿ ಎಲ್ಲಿ ಅಂತ ಕೇಳಿದರೆ, ಯಾವ ಜಂಬಯ್ಯ ಅಂತ ನಿಮ್ಮನ್ನೇ ತಿರುಗಿ ಕೇಳುತ್ತಿದ್ದರು. ಎಕೋ ಜಂಬಯ್ಯ ಅನ್ನಬೇಕು. ಆಗ ಚಾದಂಗಡಿಯವನು ಕೈಯಲ್ಲಿನ ಸೋಸಣಿಗೆ ಕೆಳಗಿಡದೆ ಗದ್ದದಿಂದಲೇ ದಾರಿ ತೋರಿಸುತ್ತಿದ್ದ. ಮೈಕ್ ಸೆಟ್ಟಿನವರಿಗೆ ಈ ಸೀಮೆಯಲ್ಲಿ ಎಂದೂ ಬರವಿಲ್ಲ. ಮದುವೆಯೋ ಭಜನೆಯೋ ಬಯಲಾಟವೋ ಎಲೆಕ್ಷನ್ನೋ, ಒಂದಿಲ್ಲೊಂದಕ್ಕೆ ಕಂಬದ ಮೇಲೆ ಹಾರ್ನ್ ಕಟ್ಟಲೇಬೇಕು. ಆದರೆ ತೊಂಬತ್ತರ ದಶಕದ ಶುರುವಿನಲ್ಲಿ, ಒಂದು ಸಲ ಅಂದ ಮಾತನ್ನು ಮೇಲಿಂದ ಮೇಲೆ ಅಂದು ತೋರಿಸುವ ಪೆಟ್ಟಿಗೆ ಇದ್ದದ್ದು ಇವನೊಬ್ಬನ ಹತ್ತಿರ. ದಾವಣಗೆರೆಯ ಯಾವುದೋ ಆರ್ಕೆಸ್ಟ್ರಾ ಮುಚ್ಚಿಹೋದಾಗ ಹಳೇ ಸಾಮಾನಿನ ಜೊತೆ ಕೊಂಡು ತಂದಿದ್ದ.

ಜಂಬಯ್ಯ ಮೊದಲಿನಿಂದಲೂ ದನಿಯ ಹುಚ್ಚಿನ ಮನುಷ್ಯ. ಪ್ರಾಯದಲ್ಲಿ ಅವನ ಕಂಠ ತೆಳ್ಳಗೆ ಮೇಲಕ್ಕೆ ಏರುತ್ತಿತ್ತು. ಬಾಗಳಿಯ ಬಯಲಾಟದವರು ರಾಣಿಯ ಪಾತ್ರಕ್ಕೆ ಬೇಕು ಅಂತ ಮನೆಗೇ ಬಂದು ಕರೆದುಕೊಂಡು ಹೋಗುತ್ತಿದ್ದರು. ಮೀಸೆ ಬಂದ ಮೇಲೂ ಬಿಡಲಿಲ್ಲ ಪುಣ್ಯಾತ್ಮರು, ಬೋಳಿಸಿ ಸೀರೆ ಉಡಿಸುತ್ತಿದ್ದರು. ಮದುವೆಯಾಗಿ ಬಂದ ಗೀತಮ್ಮ, ರಾಣಿಯ ಸೀರೆ ಒಗೆಯುವ ಕೆಲಸ ತನ್ನಿಂದಾಗದು ಅಂತ ಕಡ್ಡಿ ಮುರಿದಂತೆ ಹೇಳಿದ ಮೇಲೆ ಆಟ ಬಿಟ್ಟು ಮೈಕಿನ ಹಿಂದೆ ಕೂತ. ಕೂತವನು ಅಲ್ಲೇ ಉಳಿದುಬಿಟ್ಟ.

ಆ ಪೆಟ್ಟಿಗೆಯ ಹೊಟ್ಟೆಯಲ್ಲಿ ಇದ್ದದ್ದು ಇಷ್ಟೇ. ಒಂದು ಮಾರುದ್ದದ ಟೇಪನ್ನು ತುದಿಗೆ ತುದಿ ಅಂಟಿಸಿ ಬಳೆಯ ಹಾಗೆ ಮಾಡಿಟ್ಟಿದ್ದರು. ಅದು ಸುತ್ತುತ್ತಲೇ ಇರುತ್ತದೆ. ಒಂದು ಹೆಡ್ಡು ದನಿಯನ್ನು ಟೇಪಿನ ಮೇಲೆ ಬರೆಯುತ್ತದೆ, ಮುಂದಿನ ಹೆಡ್ಡುಗಳು ಓದಿ ಹಾರ್ನಿಗೆ ಕಳಿಸುತ್ತವೆ, ಸುತ್ತು ಮುಗಿಸಿ ಬಂದ ಟೇಪನ್ನು ಇನ್ನೊಂದು ಹೆಡ್ಡು ಒರೆಸಿ ಹಾಕುತ್ತದೆ. ಹೊರಗಡೆ ಗುಬ್ಬಿ ಅನ್ನುವ ನಾಲ್ಕಾರು ತಿರುಗುಗುಂಡಿ. ಒಂದು ತಿರುವಿದರೆ ಮಾರುದನಿ ಬೇಗ ಬರುತ್ತದೆ, ಹಿಂದಕ್ಕೆ ತಿರುವಿದರೆ ತಡೆದು ಬರುತ್ತದೆ. ಇನ್ನೊಂದು, ಎಷ್ಟು ಸಲ ಬರಬೇಕು ಅನ್ನುವುದಕ್ಕೆ. ಅದನ್ನು ಅಳತೆ ಮೀರಿ ತಿರುವಿದಿರೋ, ಬಂದ ದನಿಯೇ ಮತ್ತೆ ಒಳಗೆ ಹೋಗಿ, ಮತ್ತೆ ಬಂದು, ಕಡೆಗೆ ಯಾರೂ ಮಾತಾಡದಿದ್ದರೂ ಪೆಟ್ಟಿಗೆ ತನ್ನಷ್ಟಕ್ಕೆ ತಾನೇ ಊಳಿಡುತ್ತದೆ. ಮಗ್ಗುಲಲ್ಲಿ ಸ್ಪ್ರಿಂಗಿನದೊಂದು ಗುಬ್ಬಿ, ಅದು ದನಿಗೆ ಗುಡಿಯೊಳಗಿನ ಗುಂಗು ಕೊಡುತ್ತದೆ. ಜಂಬಯ್ಯನ ಬೆರಳು ಆ ಗುಬ್ಬಿಗಳ ಮೇಲೆ ಹೋಗುವುದನ್ನು ನೋಡುವುದಕ್ಕೇ ಜನ ಆಟ ಬಿಟ್ಟು ಅವನ ಕಡೆ ತಿರುಗಿ ಕೂರುತ್ತಿದ್ದರು.

ಅವನಿಗೆ ಒಬ್ಬಳೇ ಅಕ್ಕ, ಹಂಪಕ್ಕ. ಹೊಳೆಯ ದಂಡೆಯ ಹಂಪಸಾಗರಕ್ಕೆ ಕೊಟ್ಟಿದ್ದರು. ಸೋಬಾನೆ ಪದ ಅಂದರೆ ಹಂಪಕ್ಕ, ಹಂಪಕ್ಕ ಅಂದರೆ ಸೋಬಾನೆ ಪದ ಅನ್ನುವ ಹಾಗಿದ್ದಳು. ಸೋಬಾನೆಯಲ್ಲಿ ಒಬ್ಬಾಕೆ ಸೊಲ್ಲು ಎತ್ತಬೇಕು, ಉಳಿದವರು ಅದನ್ನೇ ಹಿಂದೆ ಹೇಳಬೇಕು. ಅವಳು ಎತ್ತಿದ ಸೊಲ್ಲು ಹಿಂದೆ ಹೇಳುವವರಿಗೆ ಸಿಕ್ಕುವುದೇ ಕಷ್ಟವಾಗಿತ್ತು. ಅವಳ ಪದ ಕ್ಯಾಸೆಟ್ಟಿಗೆ ಹಿಡಿಯಬೇಕು ಅಂತ ಜಂಬಯ್ಯ ಎಷ್ಟು ಗೋಗರೆದರೂ ಗಂಡನ ಮನೆಯವರು ಒಪ್ಪಲಿಲ್ಲ. ಮನೆಯ ಹೆಣ್ಣುಮಗಳ ದನಿ ನಾಳೆ ಹೋಟೆಲಿನಲ್ಲಿ ಮೊಳಗುವುದು ಬೇಡ ಅಂದರು. ಅವಳೂ ಹಟ ಮಾಡಲಿಲ್ಲ.

ಒಂದು ಆಷಾಢದಲ್ಲಿ ಹಂಪಕ್ಕ ಎಳೆಗೂಸು ದುರ್ಗಾಳನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಆಷಾಢದಲ್ಲಿ ಮೈಕ್ ಸೆಟ್ಟಿಗೆ ಕೆಲಸವಿಲ್ಲ. ಜಂಬಯ್ಯ ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟು ಗುಬ್ಬಿ ತಿರುವುತ್ತ ಕೂತಿದ್ದ. ಅಕ್ಕ ಕಸಬರಿಗೆ ಹಿಡಿದು ಬಂದು ಮೈಕಿನ ಮುಂದೆ ಸುಮ್ಮನೆ ನಕ್ಕಳು. ಪೆಟ್ಟಿಗೆಯೂ ನಕ್ಕಿತು. ಅವಳು ಹೆದರಿ ಎರಡು ಹೆಜ್ಜೆ ಹಿಂದೆ ಹೋದಳು.

"ಲೇ ಜಂಬ, ಇದರಾಗ ಯಾರೋ ಅದಾರಲೇ" ಅಂದಳು.

"ಯಾರೂ ಇಲ್ಲಕ್ಕ. ನೀನ ಅದಿ" ಅಂದ ಜಂಬಯ್ಯ.

ಇದು ಹಿಡಿದಿಡುವ ಪೆಟ್ಟಿಗೆಯಲ್ಲ, ಆಗಿಂದಾಗಲೇ ಒರೆಸಿ ಹಾಕುತ್ತದೆ ಅಂತ ಬಿಡಿಸಿ ಹೇಳಿದ ಮೇಲೆ ಅವಳಿಗೆ ಧೈರ್ಯ ಬಂತು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಮದುವಣಗಿತ್ತಿಯನ್ನು ಹಸೆಮಣೆಗೆ ಕರೆಯುವ ಒಂದು ಸೊಲ್ಲು ಎತ್ತಿದಳು:

"ಹೊಳಿದಂಡಿ ಹಳದೀಯ ಹೊತ್ತು ನಾ ತಂದೇನ, ಏಳವ್ವ ಮಗಳೆ ಹಸಿಗೇಳ..."

ಪೆಟ್ಟಿಗೆ ಹಿಂದಿನ ಸೊಲ್ಲು ಹೇಳಿತು. ಅವಳು ಕಣ್ಣರಳಿಸಿ ನೋಡಿದಳು. ಹಿಂದೆ ಹೇಳುವ ಹೆಂಗಸರು ಯಾರೂ ಇಷ್ಟು ಸರಿಯಾಗಿ ಹೇಳಿಲ್ಲವಲ್ಲ ಅಂತ ಬಾಯಿ ತುಂಬ ನಕ್ಕಳು. ಮತ್ತೆ ಅದೇ ಸೊಲ್ಲು ಎತ್ತಿ ಮುಗಿಸಿದ್ದಳೋ ಇಲ್ಲವೋ, ಕರೆಂಟು ಹೋಯಿತು. ಅಷ್ಟರಲ್ಲಿ ಮಳೆ ಹನಿಯತೊಡಗಿದ್ದರಿಂದ ಜಂಬಯ್ಯ ಪೆಟ್ಟಿಗೆಯನ್ನು ಎತ್ತಿಕೊಂಡು ಒಳಗೆ ಓಡುವಾಗ ಅದರ ಮೂಲೆ ಬಾಗಿಲಿನ ಚೌಕಟ್ಟಿಗೆ ಜೋರಾಗಿ ಬಡಿಯಿತು.

ಹಂಪಸಾಗರಕ್ಕೆ ವಾಪಸಾದ ಅಕ್ಕನಿಗೆ ಕಾಮಾಲೆ ಹಿಡಿಯಿತು. ನಾಟಿ ಔಷಧ ಆಯಿತು, ಆಸ್ಪತ್ರೆ ಆಯಿತು, ಶ್ರಾವಣ ಮುಗಿಯುವಷ್ಟರಲ್ಲಿ ಹೋಗಿಬಿಟ್ಟಳು. ಜಂಬಯ್ಯ ಮಣ್ಣು ಮಾಡಿ ಬಂದು ಹದಿನೈದು ದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಆಮೇಲೆ ಕೂಡ್ಲಿಗಿಯಲ್ಲಿ ಒಂದು ಭಜನೆಗೆ ಕರೆ ಬಂತು ಅಂತ ಮನಸ್ಸಿಲ್ಲದ ಮನಸ್ಸಿನಿಂದ ಹೋದ. ಹಾರ್ನ್ ಕಟ್ಟಿದ್ದಾಯಿತು, ಸಂಜೆಯ ಬಿಸಿಲು ಇನ್ನೂ ಇತ್ತು, ಭಜನೆಯವರು ಕಾಲು ತೊಳೆಯುತ್ತಿದ್ದರು. ಮೈಕಿನ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಜಂಬಯ್ಯ ಪೆಟ್ಟಿಗೆಯ ಸ್ವಿಚ್ಚು ಒತ್ತಿದ.

ಕಂಬದ ಮೇಲಿನ ಹಾರ್ನಿನಿಂದ ಅಕ್ಕ ಹಾಡಿದಳು. ಏಳವ್ವ ಮಗಳೆ ಹಸಿಗೇಳ.

ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಯಾರ ಪದ ಇದು, ಛಲೋ ಐತಲ್ಲ ಅಂದರು. ಜಂಬಯ್ಯ ವೈರನ್ನು ಕಿತ್ತೆಸೆದು, ಆ ಭಜನೆಯನ್ನು ಎಕೋ ಇಲ್ಲದೆಯೇ ಹೇಗೋ ದಾಟಿಸಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದ. ಕೌದಿಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟ. ಮುಚ್ಚಳ ತೆಗೆದು ನೋಡಲಿಲ್ಲ. ಒರೆಸಿ ಹಾಕುವ ಪೆಟ್ಟಿಗೆಯಲ್ಲಿ ದನಿ ಉಳಿದದ್ದಾದರೂ ಹೇಗೆ ಅಂತ, ಆ ಕಸುಬಿನಲ್ಲೇ ಕೂದಲು ಹಣ್ಣು ಮಾಡಿಕೊಂಡ ಮನುಷ್ಯ, ಒಂದು ದಿನವೂ ಕೇಳಿಕೊಳ್ಳಲಿಲ್ಲ. ಅಕ್ಕ ಬಂದು ಕೂತಿದ್ದಾಳೆ, ಹೇಗೆ ಬಂದೆ ಅಂತ ಯಾವ ಬಾಯಿಂದ ಕೇಳುವುದು? ದೇವರ ಮನೆಯಲ್ಲಿ ದೇವರ ಪೀಠದ ಕೆಳಗೇನಿದೆ ಅಂತ ನಾವು ಕಲ್ಲು ಎಬ್ಬಿಸಿ ನೋಡುತ್ತೇವೆಯೇ? ಅವನದೂ ಹಾಗೇ ಆಯಿತು. ಇನ್ನೊಂದು ಸಲ ಸ್ವಿಚ್ಚು ಒತ್ತಲೂ ಇಲ್ಲ. ಸವೆದು ಹೋದರೆ ಎಂಬ ಭಯ. ಅಟ್ಟದ ಕೆಳಗೆ ಮಲಗುತ್ತಿದ್ದ, ಮೇಲೆ ಅಕ್ಕ ಇದ್ದಾಳೆ ಅಂದುಕೊಳ್ಳುತ್ತಿದ್ದ. ಎಕೋ ಇಲ್ಲದಿದ್ದರೂ ಹೆಸರು ಮಾತ್ರ ಎಕೋ ಜಂಬಯ್ಯ ಅಂತಲೇ ಉಳಿಯಿತು.

ದುರ್ಗಾ ಅಜ್ಜಿಯ ಹತ್ತಿರ ಹಂಪಸಾಗರದಲ್ಲಿ ಬೆಳೆದಳು. ಎರಡು ಸಾವಿರದ ಹತ್ತರಲ್ಲಿ ಉಚ್ಚಂಗಿದುರ್ಗದ ಕಡೆಯ ಗಂಡು ಒಪ್ಪಿ ಮದುವೆ ಗೊತ್ತಾಯಿತು. ಹಂಪಸಾಗರದ ಅವಳ ಮನೆತನದಲ್ಲಿ ಒಂದು ನಡಾವಳಿ ಇತ್ತು. ಅರಿಷಿಣದ ದಿನ ಹುಡುಗಿಯನ್ನು ಹಸೆಗೆ ಕರೆಯುವ ಮೊದಲನೆಯ ಸೊಲ್ಲನ್ನು ಹೆತ್ತವಳೇ ಎತ್ತಬೇಕು. ತಾಯಿ ಇಲ್ಲದ ಹುಡುಗಿಗೆ ಯಾರೂ ಎತ್ತುವುದಿಲ್ಲ, ಅವಳು ಕರೆಸಿಕೊಳ್ಳದೆ ತಾನಾಗಿ ಬಂದು ಹಸೆಯ ಮೇಲೆ ಕೂರಬೇಕು. ದುರ್ಗಾ ಚಿಕ್ಕಂದಿನಿಂದ ಅಂಥ ಒಂದೆರಡು ಮದುವೆ ನೋಡಿದ್ದಳು. ಕರೆಯದೆ ಬಂದು ಕೂರುವ ಹುಡುಗಿಯ ಮುಖ ನೋಡಲಾಗುವುದಿಲ್ಲ ಮಾಮ, ನಾನು ಕೂರಲಾರೆ ಅಂತ ಜಂಬಯ್ಯನ ಮುಂದೆ ಅತ್ತಳು.

ಆಗ ಜಂಬಯ್ಯ ಬಾಯಿ ಬಿಟ್ಟ. ನಿಮ್ಮವ್ವನೇ ಕರೆಯುತ್ತಾಳೆ, ಅವಳ ದನಿ ನನ್ನ ಹತ್ತಿರ ಇದೆ, ಕೇಳಿಸುತ್ತೇನೆ ಅಂತ ಮಾತು ಕೊಟ್ಟ. ದುರ್ಗಾ ಅಳು ನಿಲ್ಲಿಸಿ ಅವನ ಮುಖವನ್ನೇ ನೋಡಿದಳು. ಆಮೇಲೆ ಎರಡು ದಿನ ಊಟ ಸೇರಲಿಲ್ಲವಂತೆ ಅವಳಿಗೆ. ಅವ್ವನ ದನಿ ಹೇಗಿದೆ ಅಂತ ಸಿಕ್ಕವರನ್ನೆಲ್ಲ ಕೇಳುತ್ತಿದ್ದಳಂತೆ.

ಹಗರಿಬೊಮ್ಮನಹಳ್ಳಿಯಲ್ಲಿ ಮೈಲಾರೇಶ ಅನ್ನುವ ಯುವಕ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟಿದ್ದ. ಗೋಡೆಗೆ ಗೋಣಿಚೀಲ ಬಡಿದು, ಒಂದು ಕಂಪ್ಯೂಟರ್ ಇಟ್ಟು ದೇವರ ಪದಗಳ ಸಿಡಿ ಮಾಡುತ್ತಿದ್ದ. ಅಕ್ಕನ ಸೊಲ್ಲನ್ನು ಅಲ್ಲಿ ಸಿಡಿಗೆ ಹಾಕಿಸುವುದು, ದುರ್ಗಾ ಮಧ್ಯಾಹ್ನದ ಬಸ್ಸಿಗೆ ಬಂದು ಕೇಳುವುದು ಅಂತ ಗೊತ್ತಾಯಿತು.

ಆ ದಿನ ಬೆಳಿಗ್ಗೆ ಜಂಬಯ್ಯ ತಲೆಗೆ ನೀರು ಹಾಕಿಕೊಂಡು, ಊದಿನಕಡ್ಡಿ ಹಚ್ಚಿ, ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದ. ಅಷ್ಟು ವರ್ಷದ ಧೂಳು. ಹೀಗೆ ಕೊಳೆಯಲ್ಲಿ ಅಕ್ಕನನ್ನು ಪರರ ಮುಂದೆ ಒಯ್ಯುವುದೇ ಅಂತ ಮೊದಲ ಸಲ ಮುಚ್ಚಳ ತೆಗೆದ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹೆಡ್ಡುಗಳನ್ನು ಒಂದೊಂದಾಗಿ ಒರೆಸಿದ. ಒಂದು ಹೆಡ್ಡಿನ ಬೆನ್ನಿನಿಂದ ಸಣ್ಣ ತಂತಿಯೊಂದು ಬಿಟ್ಟುಕೊಂಡು ನೇತಾಡುತ್ತಿತ್ತು. ಬಿಟ್ಟ ತಂತಿ ಕಂಡ ಮೇಲೆ ಮೈಕಿನವನ ಕೈ ಸುಮ್ಮನಿರುತ್ತದೆಯೇ? ಸಾಲ್ಡರಿಂಗ್ ಕಡ್ಡಿ ಕಾಯಿಸಿ ಬೆಸುಗೆ ಹಾಕಿ, ಊದಿ ಆರಿಸಿ, ಮುಚ್ಚಳ ಹಾಕಿ ಮೇಲೊಂದು ಹೂವಿಟ್ಟ. ಮನಸ್ಸು ಹಗುರಾಯಿತು.

ಸ್ಟುಡಿಯೋದಲ್ಲಿ ಮೈಲಾರೇಶ ಪೆಟ್ಟಿಗೆಗೆ ವೈರು ಸಿಕ್ಕಿಸಿದ. ಮೊದಲು ದನಿಯ ಮಟ್ಟ ಎಷ್ಟು ಬರುತ್ತದೆ ನೋಡೋಣ, ರೆಕಾರ್ಡಿಂಗ್ ಆಮೇಲೆ ಅಂದ. ಜಂಬಯ್ಯ ಕೈ ಮುಗಿದು ಸ್ವಿಚ್ಚು ಒತ್ತಿದ. ಟೇಪು ಕದಲಿತು. "...ಹಸಿಗೇಳ" ಅನ್ನುವ ಕೊನೆಯ ತುಣುಕು ಬಂತು, ಕಿವಿಯ ಪಕ್ಕದಲ್ಲೇ ನಿಂತು ಅಂದಂತೆ ಬಂತು. ಆಮೇಲೆ ಏನೂ ಬರಲಿಲ್ಲ. ಟೇಪು ಸುತ್ತಿತು, ಮತ್ತೆ ಸುತ್ತಿತು. ಸುಯ್ ಅನ್ನುವ ಸದ್ದೂ ಇಲ್ಲದಷ್ಟು ಸ್ವಚ್ಛವಾಗಿತ್ತು.

ಜಂಬಯ್ಯನಿಗೆ ಆಗ ತಿಳಿಯಿತು. ಆ ತಂತಿ ಒರೆಸಿ ಹಾಕುವ ಹೆಡ್ಡಿನದು. ಚೌಕಟ್ಟಿಗೆ ಬಡಿದ ದಿನ ಬಿಟ್ಟುಕೊಂಡಿತ್ತು. ಇಷ್ಟು ವರ್ಷ ಅಕ್ಕನನ್ನು ಉಳಿಸಿದ್ದು ಆ ಬಿಟ್ಟ ತಂತಿ, ಅದನ್ನು ಇವತ್ತು ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಊದಿನಕಡ್ಡಿ ಹಚ್ಚಿ, ತನ್ನ ಕೈಯಾರೆ ಜೋಡಿಸಿ ತಂದಿದ್ದ. ಮಣ್ಣು ಮಾಡಿದ ದಿನ ಕೂಡ ಅವನು ಹಾಗೆ ಅತ್ತಿರಲಿಲ್ಲ.

ಮೈಲಾರೇಶ ನೀರು ಕುಡಿಸಿದ. ಬೆನ್ನು ಸವರಿದ. "ಇದ್ದದ್ದು ಇದ್ದಂಗ ಹೇಳಿಬಿಡ್ರಿ ಅಣ್ಣಾರ. ಹುಡುಗಿ ತಡಕೊಂತಾಳ" ಅಂದ.

"ಆಕಿ ತಡಕೊಂತಾಳಪ್ಪ. ಹೇಳಾಕ ನನ್ನ ಕೈಲಿ ಆಗಂಗಿಲ್ಲ" ಅಂದ ಜಂಬಯ್ಯ.

ಕಂಪ್ಯೂಟರಿನ ಪರದೆಯ ಮೇಲೆ ಆಗ ಒಂದು ಪೆಟ್ಟಿಗೆಯ ಚಿತ್ರ ಇತ್ತು. ಹಳೇ ಟೇಪ್ ಎಕೋದ ಪಡಿಯಚ್ಚು, ಆ ಪೆಟ್ಟಿಗೆಯ ಕೆಲಸವನ್ನು ಕಂಪ್ಯೂಟರಿನೊಳಗೇ ಮಾಡುವ ಪ್ರೋಗ್ರಾಂ. ಯಾರೋ ಕೂತು ಅದೇ ಗುಬ್ಬಿ, ಅದೇ ಮುಳ್ಳಿನ ಮೀಟರು, ಮೂಲೆಯಲ್ಲಿ ತುಕ್ಕು ಸಹ ಬಿಡಿಸಿಟ್ಟಿದ್ದರು. ಹಿಂದೊಮ್ಮೆ ಮೈಲಾರೇಶ ಅದನ್ನು ತೋರಿಸಿದಾಗ ಜಂಬಯ್ಯ, ಫೋಟೋಕ್ಕೆ ತುಕ್ಕು ಹಿಡಿಸಿದ್ದಾರಲ್ಲಪ್ಪ, ಹಾಳಾಗಿ ಹೋಗಲಿ ಅಂತ ನಕ್ಕಿದ್ದ. ಈಗ ಅದನ್ನೇ ನೋಡುತ್ತ ಕೂತ. ಬಹಳ ಹೊತ್ತಾದ ಮೇಲೆ ಎದ್ದು, ಮೈಕನ್ನು ತನ್ನ ಮುಂದಕ್ಕೆ ಎಳೆದುಕೊಂಡು, ನಾನು ಹಾಡುತ್ತೇನೆ ಹಿಡಿ ಅಂದ.

ಮೈಲಾರೇಶ ರೆಕಾರ್ಡಿಂಗ್ ಶುರು ಮಾಡಿದ. ಜಂಬಯ್ಯ ಕಣ್ಣು ಮುಚ್ಚಿ, ರಾಣಿಯ ಪಾತ್ರ ಬಿಟ್ಟಾಗಿನಿಂದ ಮುಟ್ಟದಿದ್ದ ಆ ಮೇಲಿನ ಕಂಠವನ್ನು ಹುಡುಕಿ ಸೊಲ್ಲು ಎತ್ತಿದ. ಮೊದಲು ಬಿರುಕು ಬಿಟ್ಟಿತು. ಆಮೇಲೆ ಸಿಕ್ಕಿತು. ಆದರೆ ಮರಳಿ ಕೇಳಿದರೆ ಹೆಣ್ಣುವೇಷದ ಮುದುಕನೊಬ್ಬ ಹಾಡಿದಂತಿತ್ತು, ಅವನಿಗೇ ಹೇಸಿಗೆಯಾಯಿತು.

ಗುಬ್ಬಿಗಳ ಕೆಲಸ ಶುರುವಾಯಿತು. ಜಂಬಯ್ಯ ಮೌಸನ್ನು ಗುಬ್ಬಿಯ ಹಾಗೆ ಹಿಡಿದು ತಿರುಚುತ್ತಿದ್ದ, ಬಾಣ ಎಲ್ಲೆಲ್ಲೋ ಓಡುತ್ತಿತ್ತು. ತಿರುಚಬಾರದು, ಒತ್ತಿ ಹಿಡಿದು ಮೇಲಕ್ಕೆ ಜರುಗಿಸಬೇಕು ಅಂತ ಮೈಲಾರೇಶ ಅವನ ಕೈಯ ಮೇಲೆ ಕೈಯಿಟ್ಟು ಕಲಿಸಿದ. ಟೇಪಿನ ವೇಗದ ಗುಬ್ಬಿಯನ್ನು ಹಿಂದಕ್ಕೆ ತಂದರು, ಮಾರುದನಿ ತಡೆದು ತಡೆದು ಬಂತು. ಟೇಪು ಹೊಸದೋ, ಬಳಸಿದ್ದೋ, ಹಳೆಯದೋ ಅನ್ನುವುದಕ್ಕೂ ಒಂದು ಗುಬ್ಬಿ ಇತ್ತು. ಜಂಬಯ್ಯ ಹಳೆಯದಕ್ಕೆ ಇಟ್ಟ. ಟೇಪು ಓಲಾಡುವ ಗುಬ್ಬಿಯನ್ನು ಏರಿಸಿದಾಗ ದನಿ ಬಾವಿಯ ನೀರಿನಲ್ಲಿನ ಮುಖದಂತೆ ಅಲುಗಿತು. ಸ್ಪ್ರಿಂಗಿನ ಗುಂಗು ಸ್ವಲ್ಪವೇ ಸಾಕು ಅಂದ. ಕೊನೆಗೆ, ಎಷ್ಟು ಸಲ ಬರಬೇಕು ಅನ್ನುವ ಗುಬ್ಬಿಯನ್ನು ಹಿಡಿದು, ಊಳಿಡುವ ಅಂಚಿನವರೆಗೆ ಒಯ್ದು ನಿಲ್ಲಿಸಿದ.

ಈಗ ಕೇಳಿದ. ಮೊದಲು ಬಂದದ್ದು ಅವನದೇ ದನಿ. ಎರಡನೆಯ ಸಲ ಬಂದಾಗ ಗಂಡಸಿನ ಭಾರ ಅರ್ಧ ಕಳಚಿತ್ತು. ಮೂರನೆಯ ಸಲ ಬಂದದ್ದನ್ನು ಕೇಳಿ ಜಂಬಯ್ಯ ಮೌಸು ಬಿಟ್ಟು ಹಿಂದೆ ಸರಿದ. ಅಕ್ಕ. ಜಗಲಿಯ ಮೇಲೆ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಿಂತ ಅಕ್ಕ.

"ಮೊದಲಿಂದು ಎರಡನೇದು ತೆಗದ ಹಾಕು. ಮೂಲ ದನಿ ಪೂರ್ತಿ ಇಳಿಸಿಬಿಡು" ಅಂದ. ಮೈಲಾರೇಶ ಕತ್ತರಿಸಿ, ಆ ಮೂರನೆಯದನ್ನಷ್ಟೇ ಉಳಿಸಿ ಸಿಡಿಗೆ ಹಾಕಿದ.

ದುರ್ಗಾ ಬಸ್ಸಿಳಿದು ಓಡುತ್ತಲೇ ಮೆಟ್ಟಿಲು ಹತ್ತಿ ಬಂದಳು. ಕುರ್ಚಿ ಕೊಟ್ಟರೂ ಕೂರದೆ ಸ್ಪೀಕರಿನ ಮುಂದೆ ನೆಲದ ಮೇಲೆ ಕೂತಳು. ಸೊಲ್ಲು ಬಂತು, ಮುಗಿಯಿತು. ಇನ್ನೊಂದು ಸಲ ಅಂದಳು. ಇನ್ನೊಂದು ಸಲ. ಅಳಲಿಲ್ಲ, ಬಾಯಿ ತೆರೆದು ಕೂಸಿನ ಹಾಗೆ ಕೇಳಿದಳು. ಸಾಕೆನಿಸಿದ ಮೇಲೆ ಜಂಬಯ್ಯನ ಕಡೆ ತಿರುಗಿದಳು.

"ಮಾಮ, ನಮ್ಮವ್ವನ ದನಿ ನಿನ್ನಂಗ ಐತಿ."

"ಒಂದ ಹೊಟ್ಟ್ಯಾಗ ಹುಟ್ಟಿದವರಲ್ಲನವ್ವ" ಅಂದ ಜಂಬಯ್ಯ. ಅಂದವನೇ ಕಿಟಕಿಯ ಕಡೆ ಹೋಗಿ ನಿಂತ.

ಅರಿಷಿಣದ ದಿನ ಹಂಪಸಾಗರದ ಅಂಗಳದಲ್ಲಿ ಹಾರ್ನ್ ಕಟ್ಟಿದವನೂ ಅವನೇ. ಹಂಪಕ್ಕನ ಜೊತೆ ಹಾಡುತ್ತಿದ್ದ ಮುದುಕಿ ಮರುಳಸಿದ್ದಮ್ಮ ಹೆಂಗಸರ ಸಾಲಿನ ಮೊದಲಲ್ಲಿ ಕೂತಿದ್ದಳು. ಮೇಲಿನಿಂದ ಸೊಲ್ಲು ಇಳಿದು ಬಂದಾಗ ಅಂಗಳದವರೆಲ್ಲ ತಲೆ ಎತ್ತಿ ನೋಡಿದರು. ಮುದುಕಿಯ ಕಣ್ಣು ಹಾರ್ನಿನ ಮೇಲಿಂದ ಜಂಬಯ್ಯನ ಮೇಲೆ ಬಂದು ನಿಂತಿತು. ದನಿ ಯಾರದೆಂದು ಅವಳು ಗುರುತು ಹಿಡಿದಳು ಅಂತ ಅವನಿಗೆ ತಿಳಿಯಿತು. ಮರುಳಸಿದ್ದಮ್ಮ ಸೆರಗು ಸರಿಮಾಡಿಕೊಂಡು, ಹಿಂದಿನ ಸೊಲ್ಲು ಹಿಡಿದಳು. ಉಳಿದ ಹೆಂಗಸರು ದನಿಗೂಡಿಸಿದರು. ದುರ್ಗಾ ಕರೆಸಿಕೊಂಡು ಬಂದು ಹಸೆಯ ಮೇಲೆ ಕೂತಳು. ಅವಳ ಮುಖ ನೋಡಿದ ಯಾರಿಗಾದರೂ ಜಂಬಯ್ಯ ಮಾಡಿದ್ದು ತಪ್ಪು ಅನ್ನಲು ಬಾಯಿ ಬರುತ್ತಿರಲಿಲ್ಲ.

ತಪ್ಪೋ ಸರಿಯೋ, ಅವನಿಗೆ ಬೇರೆಯೇ ಒಂದು ಕಾಟ ಶುರುವಾಯಿತು. ಅಕ್ಕನ ದನಿಯನ್ನು ನೆನೆಸಿಕೊಳ್ಳಲು ಹೋದರೆ ಬರುವುದು ಸಿಡಿಯ ದನಿ. ಲೇ ಜಂಬ ಅಂತ ಅವಳು ಕೂಗುತ್ತಿದ್ದದ್ದನ್ನು ನೆನೆದರೂ ಅದೇ ಓಲಾಟ, ಅದೇ ಗುಂಗು. ಜಗಲಿಯ ಮೇಲೆ ಅವಳು ನಕ್ಕದ್ದು ನೆನಪಾಗಬೇಕು ಅಂತ ಕಣ್ಣು ಮುಚ್ಚಿ ಕೂರುತ್ತಿದ್ದ. ನಗುವ ಬಾಯಿ ಕಾಣುತ್ತಿತ್ತು, ನಗು ಮಾತ್ರ ತನ್ನದೇ. ಟೇಪಿನಲ್ಲಿದ್ದದ್ದು ಬೆಸುಗೆ ಹಾಕಿದ ದಿನ ಹೋಗಿತ್ತು, ತಲೆಯಲ್ಲಿದ್ದದ್ದು ಯಾವಾಗ ಹೋಯಿತು ಅಂತ ಅವನಿಗೆ ಗೊತ್ತಾಗಲಿಲ್ಲ. ಮೈಲಾರೇಶನ ಹತ್ತಿರ ಹೋಗಿ, ಆ ಗುಬ್ಬಿಗಳನ್ನೆಲ್ಲ ಹಿಂದಕ್ಕೆ ತಿರುವಿದರೆ ಆಗುವುದಿಲ್ಲವೇನಪ್ಪ ಅಂತ ಕೇಳಿ ಬಂದನಂತೆ. ಹಿಂದಕ್ಕೆ ತಿರುವಿದರೆ ಸಿಗುವುದು ನೀವೇ ಅಣ್ಣಾರ ಅಂದನಂತೆ ಮೈಲಾರೇಶ.

ಮರುವರ್ಷದ ಮಾನವಮಿ ಅಮಾವಾಸ್ಯೆಗೆ ದುರ್ಗಾ ಅವನನ್ನು ಉಚ್ಚಂಗಿದುರ್ಗಕ್ಕೆ ಕರೆಸಿದಳು. ಹಿರಿಯರಿಗೆ ಎಡೆ ಇಡುವ ದಿನ. ಗೋಡೆಗೆ ಸುಣ್ಣ ಬಳಿದು, ಹೊಸ ಸೀರೆ ಮಡಿಸಿಟ್ಟು, ಹೋಳಿಗೆ, ಕಡುಬು, ಬದನೆಕಾಯಿ ಎಣಗಾಯಿ ಎಲ್ಲ ಬಾಳೆಯೆಲೆಯ ಮೇಲೆ ಬಡಿಸಿದ್ದಳು. ಹಂಪಕ್ಕನ ಒಂದು ಫೋಟೋ ಕೂಡ ಇರಲಿಲ್ಲ ಆ ಮನೆಯಲ್ಲಿ. ಫೋಟೋ ಇಡುವ ಜಾಗದಲ್ಲಿ ಸಿಡಿ ಪ್ಲೇಯರ್ ಇತ್ತು, ಅದಕ್ಕೆ ವಿಭೂತಿ ಕುಂಕುಮ ಹಚ್ಚಿ ಹೂವಿನ ಸರ ಹಾಕಿದ್ದಳು. ಮನೆಮಂದಿಯೆಲ್ಲ ಬಂದು ನಿಂತ ಮೇಲೆ ದುರ್ಗಾ ಗುಂಡಿ ಒತ್ತಿದಳು. ಏಳವ್ವ ಮಗಳೆ ಹಸಿಗೇಳ ಅಂತ ಆ ದನಿ ಎದ್ದು ಬಂತು. ಅವಳು ಎಡೆಯ ಸುತ್ತ ನೀರು ಬಿಟ್ಟು, ಉಣ್ಣವ್ವ ಅಂತ ಮೆಲ್ಲಗೆ ಅಂದು, ಅಡ್ಡಬಿದ್ದು ಎದ್ದಳು.

"ಮಾಮ, ನೀನೂ ಕೈ ಮುಗಿ. ಅವ್ವನ ಕೂಡ ಒಂದ ಮಾತು ಮಾತಾಡು" ಅಂದಳು.

ಜಂಬಯ್ಯ ಕೈ ಮುಗಿದ. ಎಲ್ಲರೂ ಅವನ ಮಾತಿಗೆ ಕಾದರು. ಅವನು ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ, ಈಗಷ್ಟೇ ಎಡೆ ಉಂಡ ಆ ದನಿಯೇ ಅವನ ಬಾಯಿಂದ ಹೊರಗೆ ಬರುತ್ತಿತ್ತು.